ಹೋಳಿಗೆ ತಿಂದ ಫಾಂಟು

ಸಾಂಗ್ಲಿಯ ಅನೇಕಾಂತನಿಗೆ ಊಟಕ್ಕಿಂತ ಅಕ್ಷರದ ಚೆಲುವೇ ಹೆಚ್ಚು ಎಂದು ಹೆಂಡತಿ ಸ್ವಪ್ನಾಲಿ ದೂರುತ್ತಿದ್ದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಅವನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಆಜ್ಞೆ ಟೈಪಿಸಿ ಕೆಲಸ ಮಾಡಿಸುವ ಟರ್ಮಿನಲ್ ಎಂಬ ಕಪ್ಪು ಕಿಟಕಿಯ ಮುಂದೆಯೇ ಅವನ ದಿನ ಕಳೆಯುತ್ತಿತ್ತು. ಪಕ್ಕದ ಮನೆಯ ಕುಣಾಲ ಕೊಟ್ಟ ಹೊಸ ಫಾಂಟನ್ನು ಅವತ್ತು ಬೆಳಿಗ್ಗೆಯಷ್ಟೇ ಅದಕ್ಕೆ ತೊಡಿಸಿದ್ದ. ಅಂಚೆಲ್ಲ ನಯ, ಬಾಲವೆಲ್ಲ ಬಳುಕು. (ಮದುವೆಯಲ್ಲಿ ಸ್ವಪ್ನಾಲಿಗೂ ಅಷ್ಟು ಸಿಂಗಾರ ಆಗಿರಲಿಲ್ಲ.)

ಜೈನ ಸಮಾಜದ ಕುಟುಂಬಗಳ ಕನ್ನಡ ಹೆಸರುಪಟ್ಟಿ ಸಂಜೆಯೊಳಗೆ ಮೀರಜಿನ ಛಾಪಖಾನೆಗೆ ಹೋಗಬೇಕಿತ್ತು. ಅವನ ಪ್ರೋಗ್ರಾಮು ಒಂದೊಂದು ಹೆಸರನ್ನೂ ತಿದ್ದಿ, ಕಿಟಕಿಯಲ್ಲಿ ತೋರಿಸಿ, ಮುಂದೆ ಹೋಗುತ್ತಿತ್ತು. ನಿನ್ನೆಯ ಪರೀಕ್ಷೆಯಲ್ಲಿ ನಲವತ್ತು ಸಾವಿರ ಹೆಸರು ಐದೇ ನಿಮಿಷದಲ್ಲಿ ಮುಗಿದಿದ್ದವು. ಆ ಧೈರ್ಯದಲ್ಲಿ ಅವನು ಐದು ಗಂಟೆಗೆ ತಾಯಿ ಹೀರಾಬಾಯಿಯ ಎದುರು ಘೋಷಿಸಿದ: "ಇದು ಮುಗಿಯೂತನಾ ಊಟಕ್ಕ ಏಳಂಗಿಲ್ಲವ್ವಾ. ನಿಯಮ ತೊಗೊಂಡೇನಿ."

ಅಂದದ್ದು ತಮಾಷೆಗೆ. ಆದರೆ ಹೀರಾಬಾಯಿ ಅದನ್ನು ವ್ರತವೆಂದೇ ನಂಬಿ ಭಕ್ತಿಯಿಂದ ಕೈಮುಗಿದುಬಿಟ್ಟರು. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಮಾಡಿದ ಅಡುಗೆ ಮರುದಿನಕ್ಕೆ ಉಳಿಯುವುದಿಲ್ಲ. ಮರುದಿನವಾದರೋ ಚತುರ್ದಶಿ, ಎಲ್ಲರಿಗೂ ಉಪವಾಸ. ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು.

ಆರು ಗಂಟೆಯಾದರೂ ಹೆಸರುಗಳು ಮೆರವಣಿಗೆಯ ಆನೆಯಂತೆ ಸಾಗುತ್ತಿದ್ದವು. ತುಪ್ಪದ ವಾಸನೆ ಮಾತ್ರ ಬಲುಬೇಗ ಬಂತು.

"ಅಹೋ, ನಿಮ್ಮ ಮಷಿನ್ ಹೆಸರು ಬರ್ಯಾಕತ್ತೈತೋ, ರಂಗೋಲಿ ಹಾಕಾಕತ್ತೈತೋ?" ಎಂದು ಕೇಳಿದಳು ಸ್ವಪ್ನಾಲಿ.

ಲ್ಯಾಪ್‌ಟಾಪಿಗೆ ವಯಸ್ಸಾಗಿದೆ ಎಂದು ಅವನು ತಪ್ಪನ್ನು ಅದರ ತಲೆಗೆ ಕಟ್ಟಿದ. ಅವಳು ಲ್ಯಾಪ್‌ಟಾಪಿನ ಪಂಚಾಂಗದಲ್ಲಿ ಸೂರ್ಯಾಸ್ತದ ಸಮಯ ನೋಡಲು ಕಪ್ಪು ಕಿಟಕಿಯನ್ನು ಪರದೆಯ ಕೆಳಗೆ ಮಡಚಿಟ್ಟಳು. ಮುಟ್ಟಬೇಡ, ಇನ್ನೂ ತಡವಾಗುತ್ತದೆ ಎಂದು ಅವನು ಗೋಗರೆದ. ಅವಳು ಪಂಚಾಂಗ ನೋಡಿ, ಇನ್ನು ಒಂಬತ್ತು ನಿಮಿಷ ಎಂದು ಹೇಳಿ, ಕಿಟಕಿಯನ್ನು ಮತ್ತೆ ತೆರೆದಳು.

ಪಟ್ಟಿ ಮುಗಿದಿತ್ತು.

ಒಂದು ನಿಮಿಷದಲ್ಲಿ ಅದು ಮೀರಜಿಗೂ ಹೋಯಿತು. ಹೀರಾಬಾಯಿ ತಾಟು ಹಾಕಿದರು. ಆಗ ಸ್ವಪ್ನಾಲಿ ಏಳು ವರ್ಷದ ಸಂಸಾರದಲ್ಲಿ ಎಂದೂ ಕೇಳದ್ದನ್ನು ಕೇಳಿದಳು: "ಹೆಂಗಾತ್ರಿ ಇದು?"

ಅನೇಕಾಂತನ ಎದೆ ಉಬ್ಬಿತು. ಕಿಟಕಿ ಮಡಚಿದೊಡನೆ ಪಟ್ಟಿ ಮುಗಿದದ್ದನ್ನು ಕಂಡಾಗಲೇ ಅವನಿಗೆ ಕಾರಣ ಹೊಳೆದಿತ್ತು. ಆ ಫಾಂಟಿನಲ್ಲಿರುವುದು ಇಂಗ್ಲಿಷ್ ಅಕ್ಷರ ಮಾತ್ರ, ಕನ್ನಡ ಅಕ್ಷರಗಳೇ ಇಲ್ಲವೆಂದೂ, ಒಂದೊಂದು ಅಕ್ಷರಕ್ಕೂ ಯಂತ್ರ ಉಳಿದ ಮುನ್ನೂರು ಫಾಂಟುಗಳ ಬಾಗಿಲು ಬಡಿಯಬೇಕೆಂದೂ ವಿವರಿಸಿದ. ಸಿಕ್ಕ ಅಕ್ಷರಕ್ಕೆ ಒತ್ತು ಕೂಡಿಸಿ, ಅಂಚು ತೀಡಿ, ಚುಕ್ಕೆಚುಕ್ಕೆಯಾಗಿ ಬಿಡಿಸುವ ತನಕ ಪ್ರೋಗ್ರಾಮು ಕಾಯಬೇಕು. ಕಿಟಕಿ ಮಡಚಿದರೆ ಬಿಡಿಸುವ ಕೆಲಸವೇ ಇಲ್ಲ, ಓಟವೇ ಓಟ. ನಡುವೆ ಹೀರಾಬಾಯಿ ಎರಡು ಸಲ ಕರೆದರು. ಎರಡು ಸಲವೂ ಅವನು ಕೈಯೆತ್ತಿ ತಡೆದ.

"ಅಂದ್ರ ಯಾರೂ ನೋಡದಿದ್ರ ಕೆಲಸ ಲಗೂನ ಆಗ್ತೈತಿ," ಎಂದಳು ಸ್ವಪ್ನಾಲಿ.

"ಹಂಗಲ್ಲ, ಮೊದಲಿಂದ ಹೇಳ್ತೇನಿ ಕೇಳು," ಎಂದ ಅನೇಕಾಂತ.

ಅವನು ಹೇಳಿ ಮುಗಿಸಿ ತಲೆಯೆತ್ತಿದಾಗ ಸೂರ್ಯ ಮುಳುಗಿ, ಕೃಷ್ಣಾ ನದಿಯ ಆಚೆ, ಸಾಂಗ್ಲಿವಾಡಿಯ ತಲೆಯ ಮೇಲೆ ಬರೀ ಕೆಂಪು ಉಳಿದಿತ್ತು. ಸ್ವಪ್ನಾಲಿ ಯಾವಾಗಲೋ ಎದ್ದುಹೋಗಿ ಊಟ ಮುಗಿಸಿದ್ದಳು. ಹೀರಾಬಾಯಿ ಅವನ ಪಾಲಿನ ಹೋಳಿಗೆಗಳನ್ನು ಡಬ್ಬಿಗೆ ಹಾಕಿ, ರಾತ್ರಿಯೂ ಉಣ್ಣುವ ಕುಣಾಲನ ಮನೆಗೆ ನಡೆದಿದ್ದರು.

ಸ್ವಲ್ಪ ಹೊತ್ತಿಗೆ ಕುಣಾಲನ ಸಂದೇಶ ಬಂತು: ಹೋಳಿಗೆ ಭಾಳ ಚೊಲೊ ಆಗ್ಯಾವು. ಇನ್ನೂ ಚಂದದ ಫಾಂಟು ಸಿಕ್ಕೈತಿ, ಕಳಿಸ್ಲೇನು?

ಅನೇಕಾಂತನ ಹೊಟ್ಟೆ ಬೇಡವೆಂದು ಗುರುಗುಟ್ಟಿತು. ಬೆರಳು ಆಗಲೇ 'ಕಳಿಸು' ಎಂದು ಟೈಪಿಸಿತ್ತು.