ಬಣಕಲ್‌ನಲ್ಲಿ ಸಮುದ್ರ ಸಾಕಿದ್ದು

ಪಂಪು ಗೊತ್ತಿರುವವನಿಗೆ ಮೀನು ಸಾಕುವುದು ಯಾವ ಲೆಕ್ಕ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬಣಕಲ್‌ನಲ್ಲಿ ಹೈವೇ ಪಕ್ಕದಲ್ಲೇ ನನ್ನ ರಿಪೇರಿ ಅಂಗಡಿ. ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ಇರಲಿ, ಕೆರೆಯಿಂದ ನೀರೆತ್ತುವ ಮೋಟಾರ್ ಇರಲಿ, ಕೆಟ್ಟರೆ ಸುತ್ತಲಿನ ಎಸ್ಟೇಟಿನವರು ನನ್ನ ಹತ್ತಿರವೇ ತರುತ್ತಾರೆ. ನೀರನ್ನು ಗುಡ್ಡ ಹತ್ತಿಸುವವನು ನೀರೊಳಗಿನ ಮೀನಿನಿಂದ ನಾಲ್ಕು ಮರಿ ಮಾಡಿಸಲಾರನೇ?

ಇದಕ್ಕೆಲ್ಲ ಮೂಲ ನನ್ನ ಸಿಟ್ಟು. ನನ್ನ ಹೆಂಡತಿ ಜಮೀಲಾಳ ಅಣ್ಣ ಇಸ್ಮಾಯಿಲ್ ಭಾವ ಆಲ್ದೂರಿನ ಹತ್ತಿರ ಹೋಮ್‌ಸ್ಟೇ ಕಟ್ಟಿಸುತ್ತಿದ್ದರು. ದಸರಾ ರಜೆಗೆ ಆರಂಭ. ಬಂದವರು ಬಾಗಿಲಲ್ಲೇ ಬೆರಗಾಗಿ ನಿಲ್ಲಬೇಕು ಎಂದು ಮುಂದಿನ ಹಾಲ್‌ನಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿ ಇಡಿಸಿದ್ದರು. ಅದರಲ್ಲಿ ಉಪ್ಪು ನೀರು ತುಂಬಿ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಸಮುದ್ರದ ಮೀನು ಬಿಡುವ ಯೋಜನೆ.

ನಾನು ಆಗಷ್ಟೇ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದ್ದೆ. ಹವಳದ ಸಂದಿಗೆ ವಿಷ ಚಿಮ್ಮಿಸಿ, ಮಂಪರು ಹತ್ತಿದ ಬಣ್ಣದ ಮೀನುಗಳನ್ನು ಬಾಚಿಕೊಳ್ಳುತ್ತಿದ್ದರು. ಎಷ್ಟೋ ಮೀನುಗಳು ದಾರಿಯಲ್ಲೇ ಸಾಯುತ್ತವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಶುರು ಮಾಡಿದೆ. ಇದು ಕಳ್ಳತನ, ಇದು ಕೊಲೆ, ಇನ್ನು ಮುಂದೆ ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಮಾತ್ರ ಭವಿಷ್ಯ ಎಂದು ಬಿರಿಯಾನಿ ಆರಿ ತಣ್ಣಗಾಗುವವರೆಗೆ ಭಾಷಣ ಬಿಗಿದೆ. ಕೊನೆಗೆ ಎಲ್ಲರ ಎದುರಿಗೇ ಹೇಳಿಬಿಟ್ಟೆ.

"ಒಂದೇ ಒಂದು ಸಮುದ್ರದ ಮೀನು ತರಬೇಡಿ ಭಾವ. ನಿಮ್ಮ ತೊಟ್ಟಿ ತುಂಬೋಷ್ಟು ಮರಿ ನಾನು ಮಾಡಿಸಿ ಕೊಡ್ತೀನಿ."

ಭಾವ ಒಳ್ಳೆಯವರು, ನಂಬಿದರು. ಮಂಗಳೂರಿನ ಅಂಗಡಿಗೆ ಕೊಟ್ಟಿದ್ದ ಆರ್ಡರ್ ಅಲ್ಲೇ ಫೋನ್ ಮಾಡಿ ರದ್ದು ಮಾಡಿದರು. ಮನೆಗೆ ಬಂದ ಮೇಲೆ ಜಮೀಲಾ, ದಸರಾ ದಿನ ಆ ತೊಟ್ಟಿ ಖಾಲಿ ನಿಂತರೆ ತಾನು ತವರಿನವರಿಗೆ ಮುಖ ತೋರಿಸುವುದು ಹೇಗೆ ಎಂದು ಕೇಳಿದಳು. ಹೆಂಗಸರಿಗೆ ದೂರದೃಷ್ಟಿ ಕಡಿಮೆ ಎಂದುಕೊಂಡೆ.

ಮರಿ ಬೇಕೆಂದರೆ ಅಪ್ಪ ಅಮ್ಮ ಬೇಕಲ್ಲ. ಅದೇ ಮಂಗಳೂರಿನ ಅಂಗಡಿಗೆ ಹೋದೆ. ಭಾವನ ಆರ್ಡರ್ ರದ್ದು ಮಾಡಿಸಿದವನು ನಾನೇ ಎಂದು ಹೆಮ್ಮೆಯಿಂದ ಹೇಳಿ, ಕದ್ದ ಮಾಲು ಮಾರಲು ನಾಚಿಕೆಯಾಗುವುದಿಲ್ಲವೇ ಎಂದು ಅಂಗಡಿಯವರಿಗೆ ಚೆನ್ನಾಗಿ ಉಗಿದೆ. ಉಗಿದು ಮುಗಿದ ಮೇಲೆ ಅದೇ ಮಾಲಿನಲ್ಲಿ ಒಂದು ಜೋಡಿ ಕೊಂಡುಕೊಂಡೆ!

ಇನ್ನು ಸಮುದ್ರ. ಚಾರ್ಮಾಡಿ ಘಾಟಿ ಹತ್ತಿ ನಮ್ಮೂರಿಗೆ ಬರುವ ಮೀನಿನ ಗಾಡಿಯವನಿಗೆ, ಮೀನು ಬೇಡ, ಕ್ಯಾನಿನಲ್ಲಿ ಸಮುದ್ರದ ನೀರು ತಂದುಕೊಡು ಎಂದೆ. ಬೂತಾಯಿ ಮೀನು ಕೊಳ್ಳಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮೀನೇ ಸಿಗುವಾಗ ಬರೀ ಸಾರು ಯಾಕೆ ಎಂದು ಒಬ್ಬರು ವಿಚಾರಿಸಿದರು. ಭವಿಷ್ಯವನ್ನು ಕಟ್ಟುವವನು ಇಂಥ ಮಾತಿಗೆಲ್ಲ ಕಿವಿಗೊಡಬಾರದು. ನಾನು ಕೊಡಲಿಲ್ಲ.

ಮೀನುಗಳೇನೋ ತಮ್ಮ ಕೆಲಸ ಸರಿಯಾಗಿ ಮಾಡಿದವು. ಮನೆಯ ಗಾಜಿನ ತೊಟ್ಟಿಯಲ್ಲಿ ನಾನು ಇಟ್ಟಿದ್ದ ಹೆಂಚಿನ ಚೂರಿನ ಮೇಲೆ ಕೇಸರಿ ಬಣ್ಣದ ಮೊಟ್ಟೆ ಇಟ್ಟವು. ಗಂಡು ಮೀನು ಹಗಲೂ ರಾತ್ರಿ ಅದಕ್ಕೆ ರೆಕ್ಕೆ ಬೀಸಿ ಗಾಳಿ ಹಾಕುತ್ತಿತ್ತು. "ನೋಡಿ ಕಲೀರಿ" ಎಂದಳು ಜಮೀಲಾ.

ತೊಂದರೆ ಬಂದದ್ದು ಊಟದ ವಿಷಯದಲ್ಲಿ. ಮೊಟ್ಟೆಯಿಂದ ಬಂದ ಮರಿ ಎಷ್ಟು ಸಣ್ಣದೆಂದರೆ, ಕಣ್ಣಿಗೆ ಕಾಣದಂಥ ಒಂದು ಹುಳುವನ್ನು ಮಾತ್ರ ತಿನ್ನಬಲ್ಲದು. ಆ ಹುಳು ಬದುಕಬೇಕಾದರೆ ಹಸಿರು ಪಾಚಿಯ ನೀರು ಬೇಕು. ಇದು ನನಗೆ ಗೊತ್ತಾದದ್ದು ಮೊದಲ ಸಲದ ಮರಿಗಳೆಲ್ಲ ಹಸಿದು ಸತ್ತ ಮೇಲೆ. ಪಾಚಿಯ ಬಾಟಲಿಯನ್ನೂ ಹುಳುವಿನ ಬಾಟಲಿಯನ್ನೂ ಕೊರಿಯರ್‌ನಲ್ಲಿ ತರಿಸಿದೆ.

ಆಷಾಢದ ಬಣಕಲ್‌ನಲ್ಲಿ ಪಾಚಿ ಹಿಡಿಯದ ವಸ್ತು ಯಾವುದಿದೆ ಹೇಳಿ? ಅಂಗಳಕ್ಕೆ ಪಾಚಿ, ಕಾಂಪೌಂಡಿಗೆ ಪಾಚಿ, ನಿಲ್ಲಿಸಿಟ್ಟ ಸ್ಕೂಟರಿನ ಸೀಟಿಗೂ ಪಾಚಿ. ಇಡೀ ಊರಿನಲ್ಲಿ ಪಾಚಿ ಬೆಳೆಯದ ಜಾಗ ಒಂದೇ. ನಾನು ಪಾಚಿ ಬೆಳೆಯಲೆಂದು ಇಟ್ಟ ಬಾಟಲಿ! ಅದಕ್ಕೆ ಬಿಸಿಲು ಬೇಕಂತೆ, ಬೆಚ್ಚಗೂ ಇರಬೇಕಂತೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೇಳದೆ ಹೋದಲ್ಲೆಲ್ಲ ಬೆಳೆದು ಜನರನ್ನು ಜಾರಿಸಿ ಬೀಳಿಸುವ ಪಾಚಿಗೆ, ಮರ್ಯಾದೆಯಿಂದ ಕರೆದರೆ ಇಷ್ಟು ಬಿಗುಮಾನವೇ?

ಮಳೆಗಾಲದಲ್ಲಿ ಒಣಗದ ಬಟ್ಟೆ, ಮೆತ್ತಗಾದ ಹಪ್ಪಳ, ಒದ್ದೆ ಶೂ ಎಲ್ಲವನ್ನೂ ನಾವು ಬಚ್ಚಲ ಒಲೆಯ ಮೇಲೆ ಇಡುತ್ತೇವೆ. ಬಾಟಲಿಯನ್ನೂ ಇಟ್ಟೆ. ಸಂಜೆಯ ಹೊತ್ತಿಗೆ ಪಾಚಿಯ ಕಷಾಯ ಸಿದ್ಧವಾಗಿತ್ತು.

ಮತ್ತೆ ತರಿಸಿದೆ. ಈ ಸಲ ಅಂಗಡಿಯ ಇನ್ವರ್ಟರ್ ಮನೆಗೆ ಹೊತ್ತು ತಂದು, ಬಿಳಿ ಬಕೆಟ್ಟಿನ ಸುತ್ತ ಟ್ಯೂಬ್‌ಲೈಟ್ ಕಟ್ಟಿದೆ. ಅಂಗಡಿಯಲ್ಲಿ ಕತ್ತಲೆ, ಗಿರಾಕಿಗಳ ಬೈಗುಳ. ಬಕೆಟ್ಟಿನಲ್ಲಿ ಮಾತ್ರ ಹಬ್ಬ. ಕೊನೆಗೂ ನೀರು ಹಸಿರಾಯಿತು. ಹುಳು ಬಿಟ್ಟೆ, ಅವೂ ಹೆಚ್ಚಿದವು. ಸದರಿ ಬಕೆಟ್ಟನ್ನು ಮನೆಯವರು ಯಾರೂ ಮುಟ್ಟಕೂಡದು, ಅದರ ಸಮೀಪ ಕೆಮ್ಮಲೂ ಕೂಡದು ಎಂದು ಆದೇಶ ಹೊರಡಿಸಿದೆ.

ಅಷ್ಟರಲ್ಲಿ ಮತ್ತೆ ಇಟ್ಟ ಮೊಟ್ಟೆಗಳೊಳಗೆ ಮರಿಗಳ ಕಣ್ಣು ಹೊಳೆಯತೊಡಗಿತು. ಅಂದರೆ ಅವತ್ತು ಕತ್ತಲಾಗುತ್ತಿದ್ದಂತೆ ಮರಿ ಬರುವುದು ಖಂಡಿತ. ಈ ಮರಿಗಳು ಉಳಿದರೆ ದಸರಾಕ್ಕೆ ಸರಿಯಾಗಿ ಬಣ್ಣ ತುಂಬಿಕೊಂಡಿರುತ್ತಿದ್ದವು. ಇದು ತಪ್ಪಿದರೆ ಇನ್ನೊಂದು ಸಲಕ್ಕೆ ಸಮಯವಿಲ್ಲ. ಭಾವನಿಗೆ ಫೋನ್ ಮಾಡಿ, ಬಂದು ಕಣ್ಣಾರೆ ನೋಡಿ ಎಂದೆ. ಅಪರೂಪಕ್ಕೆ ಬಿಸಿಲೂ ಬಂತು. ಬಕೆಟ್ಟಿಗೆ ಬಿಸಿಲು ಕಾಣಲಿ ಎಂದು ತಂದು ಮೆಟ್ಟಿಲ ಮೇಲೆ ಇಟ್ಟೆ.

ಆಗ ಅಂಗಳ ಕಣ್ಣಿಗೆ ಬಿತ್ತು. ಹಚ್ಚ ಹಸಿರು ಪಾಚಿ! ಭಾವ ದೊಡ್ಡ ಆಸಾಮಿ, ಜಾರಿ ಬಿದ್ದರೆ ಎತ್ತುವವರು ಯಾರು? ಮಲೆನಾಡಿನಲ್ಲಿ ಹುಟ್ಟಿದವನಿಗೆ ಪಾಚಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಬ್ಲೀಚಿಂಗ್ ಪೌಡರ್ ಎರಚಿದೆ, ಕಡ್ಡಿ ಪೊರಕೆಯಿಂದ ಬೆವರು ಸುರಿಯುವಂತೆ ಉಜ್ಜಿದೆ. ತೊಳೆಯಲು ನೀರು ಬೇಕಾಯಿತು. ತಲೆ ಎತ್ತದೆ ಮೆಟ್ಟಿಲ ಕಡೆ ಕೈ ಚಾಚಿ, ಸಿಕ್ಕಿದ ಬಕೆಟ್ಟನ್ನು ಎತ್ತಿ ಒಂದೇ ಸಲಕ್ಕೆ ಸುರಿದೆ.

ಬಾಗಿಲಲ್ಲಿ ಜಮೀಲಾ ನಿಂತಿದ್ದಳು. ಕೂಗಾಡಲಿಲ್ಲ. "ಅದು ನೀವು ಯಾರೂ ಮುಟ್ಟಬಾರ್ದು ಅಂದಿದ್ದ ಬಕೆಟ್ ಅಲ್ವಾ?" ಎಂದು ಕೇಳಿದಳು.

ಜಗತ್ತಿನಲ್ಲಿ ಪಾಚಿ ಹಾಕಿ ಪಾಚಿ ತೊಳೆದವನು ನಾನೊಬ್ಬನೇ ಇರಬೇಕು. ಮೊಣಕಾಲೂರಿ ಲೋಟದಿಂದ ಎತ್ತಲು ನೋಡಿದೆ. ಬ್ಲೀಚಿಂಗ್ ಪೌಡರ್ ಅಷ್ಟರಲ್ಲೇ ತನ್ನ ಕರ್ತವ್ಯ ಮುಗಿಸಿತ್ತು.

ಸಂಜೆ ಭಾವ ಬಂದರು. ಅಂಗಳ ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿದರು. ಕತ್ತಲಾದಂತೆ ಮರಿಗಳು ಬಂದವು, ರೆಪ್ಪೆಯ ಕೂದಲಿನ ತುಂಡಿನಷ್ಟು. ಟಾರ್ಚ್ ಬೆಳಕಿಗೆ ಗುಂಪಾಗಿ ಮೇಲೆದ್ದವು. ಭಾವ ಮಗುವಿನ ಹಾಗೆ ನೋಡಿದರು, ಆಮೇಲೆ ಇವಕ್ಕೆ ಊಟ ಏನು ಎಂದು ಕೇಳಿದರು. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಪುಡಿ ಮಾಡಿ ಹಾಕಿದೆ, ಅದು ನೀರನ್ನು ಕೆಡಿಸಿತು ಅಷ್ಟೆ. ಒಂದೊಂದಾಗಿ ಎಲ್ಲವೂ ಹೋದವು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ವಿಷ ಚಿಮ್ಮಿಸುವವರಿಗೂ ನನಗೂ ಏನು ವ್ಯತ್ಯಾಸ ಎಂದು ನನ್ನ ಮೇಲೇ ಸಿಟ್ಟು ಬಂತು.

ದಸರಾ ಹತ್ತಿರ ಬಂದಾಗ ಜಮೀಲಾ ತಾನೇ ಹೊರಟಳು. "ನಡೀರಿ ಮಂಗಳೂರಿಗೆ. ನನ್ನಣ್ಣನ ತೊಟ್ಟಿ ಖಾಲಿ ಇರೋದು ನಂಗೆ ನೋಡೋಕಾಗಲ್ಲ." ನಾನು ತಲೆ ತಗ್ಗಿಸಿ ಹಿಂದೆ ಹೋದೆ. ಆದರೆ ಆ ಅಂಗಡಿಯೊಳಗೆ ಕಿತ್ತಳೆ ಮೀನುಗಳ ಸಾಲು ಕಂಡದ್ದೇ ಹಳೆಯ ಸಿಟ್ಟು ಮತ್ತೆ ನೆತ್ತಿಗೇರಿತು. ಸಮುದ್ರ ಲೂಟಿ ಮಾಡುವುದನ್ನು ಯಾವಾಗ ನಿಲ್ಲಿಸುತ್ತೀರಿ ಎಂದು ಗದರಿದೆ. ಅಂಗಡಿಯವರು ಬಲೆ ಕೆಳಗಿಟ್ಟರು.

"ಇದು ಸಮುದ್ರದ್ದಲ್ಲ ಮಾರಾಯ್ರೆ. ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ನೀವು ಕೊಂಡುಹೋದ ಜೋಡಿ ಸಹ ಅದೇ. ನಿಮ್ಮ ಭಾವ ಆರ್ಡರ್ ಕೊಟ್ಟದ್ದೂ ಅದನ್ನೇ. ಆವತ್ತೇ ಹೇಳುವ ಅಂದ್ರೆ ನೀವು ನನಗೆ ಮಾತಾಡ್ಲಿಕ್ಕೆ ಬಿಡ್ಲಿಲ್ಲ."

ಜಮೀಲಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅದೇ ಮೇಲಾಗಿತ್ತು.

ದಸರಾ ರಜೆಗೆ ಹೋಮ್‌ಸ್ಟೇ ಶುರುವಾಯಿತು. ತೊಟ್ಟಿ ತುಂಬ ಕಿತ್ತಳೆ ಮೀನು. ನಡೆದದ್ದನ್ನೆಲ್ಲ ಜಮೀಲಾ ಮೊದಲೇ ಹೇಳಿಯಾಗಿತ್ತು. ಭಾವ ನನ್ನನ್ನು ಬೈಯಲಿಲ್ಲ, ಅದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟರು. ಬಂದವರಿಗೆಲ್ಲ, ಈ ಮೀನಿನ ವಿಷಯದಲ್ಲಿ ಅನುಭವ ಇರುವವರು ಇವರು ಎಂದು ನನ್ನನ್ನು ಪರಿಚಯಿಸಿದರು. ಕನ್ನಡಕದ ಹಿರಿಯರೊಬ್ಬರು ಹತ್ತಿರ ಬಂದು, ಸಮುದ್ರದ ಮೀನನ್ನು ಹೀಗೆ ತೊಟ್ಟಿಯಲ್ಲಿ ಮರಿ ಮಾಡಿಸುವ ಉದ್ಯಮಕ್ಕೆ ಮುಂದೆ ಭವಿಷ್ಯ ಇದೆಯೇ ಎಂದು ಕೇಳಿದರು.

"ಬಹಳ ಒಳ್ಳೇ ಭವಿಷ್ಯ ಇದೆ ಸಾರ್" ಎಂದೆ. "ನಾನು ಕೈ ಹಾಕದೇ ಇದ್ರೆ."