ಇಂಟರ್ನೆಟ್ಟಿಗೆ ಅರಿಶಿಣ ಹಚ್ಚಿದ ಮಾವ

ಇಂಟರ್ನೆಟ್ಟಿಗೆ ಅರಿಶಿಣ ಹಚ್ಚಿದ ಮೊದಲ ಮನುಷ್ಯ ನನ್ನ ಸೋದರಮಾವ! ನಂಬದಿದ್ದರೆ ಇಳಕಲ್ಲಿನಲ್ಲಿ ಆಗ ಸೈಬರ್ ಸೆಂಟರ್ ನಡೆಸುತ್ತಿದ್ದವರನ್ನು ಕೇಳಿ. ಅವರ ಒಂದು ಕಂಪ್ಯೂಟರಿನ ನಾಲ್ಕು ಮೂಲೆಗಳಲ್ಲಿ ಹಳದಿ ಕಲೆ ಬಹಳ ದಿನ ಉಳಿದಿತ್ತು. ಮಗಳ ಮದುವೆಯ ಕರೆಯನ್ನು ಅದರಲ್ಲಿ ಹಾಕುವ ಮೊದಲು ಮಾವ ಜೇಬಿನಿಂದ ಪೊಟ್ಟಣ ತೆಗೆದು, ಲಗ್ನಪತ್ರಿಕೆಗೆ ಹಚ್ಚುವ ಹಾಗೆಯೇ ಪರದೆಗೆ ಅರಿಶಿಣ ಹಚ್ಚಿದ್ದ. ಮಾಲೀಕ ಗಾಬರಿಯಾಗಿ ಓಡಿಬಂದರೆ, "ಅರಿಶಿಣ ಇಲ್ಲದ ಕರದ್ರ ಬೀಗರು ಬರ್ತಾರೇನ್ರಿ?" ಎಂದು ಅವನನ್ನೇ ದಬಾಯಿಸಿದನಂತೆ.

ಇದಕ್ಕೆಲ್ಲ ಮೂಲ ನಾನೇ ಎಂದು ಹೇಳಲು ನಾಚಿಕೆಯಾಗುತ್ತದೆ. ಅದಕ್ಕಿಂತ ಹೆಚ್ಚು ನಾಚಿಕೆಪಡಬೇಕಾದದ್ದು ಮುಂದಿದೆ. ಹಾಗಾಗಿಯೇ ಸ್ವಲ್ಪ ಸುತ್ತಿ ಬಳಸಿ ಬರುತ್ತಿದ್ದೇನೆ, ಸಹಿಸಿಕೊಳ್ಳಿ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಕಾಲೇಜಿನಲ್ಲಿ ಎಲ್ಲರಿಗೂ ಇಂಟರ್ನೆಟ್ಟಿನ ಗೆಳೆಯರ ತಾಣವೊಂದರ ಹುಚ್ಚು ಹಿಡಿದಿತ್ತು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ. ಯಾರ ಪುಟದಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಎಲ್ಲರೂ ಓದಬಹುದು. ದೀಪಾವಳಿ ರಜೆಗೆ ಊರಿಗೆ ಹೋದಾಗ ನನ್ನ ಜಾಣತನ ತೋರಿಸಿಕೊಳ್ಳಲು ಮಾವನಿಗೂ ಒಂದು ಪುಟ ಮಾಡಿಕೊಟ್ಟೆ. ಹೋಗುವ ಮಾರಿಯನ್ನು ಮನೆಗೆ ಕರೆದೆ!

ಮಾವ ನೇಕಾರ. ಬೆಳಗಿನಿಂದ ಕುಣಿಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಸೀರೆ ನೇಯುತ್ತಿದ್ದ. ಸಂಜೆಯಾದರೆ ಸೈಬರ್ ಸೆಂಟರ್. ಒಂದೇ ಬೆರಳಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುವಾಗ ಅವನ ಕಾಲುಗಳು ಮೇಜಿನ ಕೆಳಗೆ ಇಲ್ಲದ ಮಗ್ಗವನ್ನು ತುಳಿಯುತ್ತಿದ್ದವು. ಹೀಗೆ ಎರಡು ಸಲ ವೈರು ಕಿತ್ತುಬಂದು, ಬರೆದದ್ದೆಲ್ಲ ಹೋಗಿ, ಪಾಪ, ಮೊದಲಿನಿಂದ ಬರೆದಿದ್ದ.

ಬರೆಯುವುದಾದರೂ ಹೇಗೆ? ನನ್ನ ಗೆಳತಿಯರು "ಹಾಯ್" ಎಂದು ಬರೆದು ಮುಗಿಸುವ ಜಾಗದಲ್ಲಿ ಇವನದು ಶುದ್ಧ ಪತ್ರ. ಮೇಲೆ ಬನಶಂಕರಿಯ ಹೆಸರು, ಕೆಳಗೆ ಚಿರಂಜೀವಿ ಸೌಭಾಗ್ಯವತಿ (ನನಗಿನ್ನೂ ಮದುವೆಯಾಗಿರಲಿಲ್ಲ!), ನಂತರ ಇತ್ತ ಎಲ್ಲಾ ಕ್ಷೇಮ, ಅತ್ತ ನಿನ್ನ ಕ್ಷೇಮ ತಿಳಿಸು. ಎಲ್ಲರೂ ಓದುತ್ತಾರೆ ಎಂದು ನಾನು ಎಚ್ಚರಿಸಿದ್ದೇ ತಪ್ಪಾಯಿತು. ಮರುದಿನದಿಂದ ಪ್ರತಿ ಪತ್ರದ ಕೊನೆಗೆ "ಇದನ್ನು ಓದುವ ಎಲ್ಲಾ ಗುರುಹಿರಿಯರಿಗೂ ನಮಸ್ಕಾರ, ಸಣ್ಣವರಿಗೆ ಆಶೀರ್ವಾದ" ಎಂಬ ಸಾಲು ಸೇರಿತು.

ಹುನಗುಂದದ ದೊಡ್ಡತ್ತೆ ತೀರಿಕೊಂಡಾಗ ಆ ಸುದ್ದಿಯೂ ನನ್ನ ಪುಟಕ್ಕೇ ಬಂತು. ನಮ್ಮ ಕಡೆ ಸಾವಿನ ಪತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹೊರಗೇ ಓದಿ ಹರಿದುಹಾಕುತ್ತಾರೆ. ಮಾವ ಪದ್ಧತಿ ಬಿಟ್ಟಾನೆಯೇ? ಕೊನೆಗೆ ಬರೆದಿದ್ದ: "ಹೊರಗ ನಿಂತು ಓದು. ಓದಿದ ಕೂಡಲೆ ಹರದು ಒಗಿ." ಕಂಪ್ಯೂಟರನ್ನು ಅಂಗಳಕ್ಕೆ ಒಯ್ಯೋಣವೇ, ಹರಿಯಲು ಸುತ್ತಿಗೆ ತರೋಣವೇ ಎಂದು ಇಡೀ ಹಾಸ್ಟೆಲ್ ವಾರಗಟ್ಟಲೆ ನಕ್ಕಿತು. ಬರೆದವನು ಯಾರೆಂದು ಬಾಯಿ ಬಿಡದೆ, ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಸತ್ತವಳು ನನ್ನನ್ನು ಎತ್ತಿ ಆಡಿಸಿದ ದೊಡ್ಡತ್ತೆ.

ಮನುಷ್ಯ ಎಂಥವನು ಎಂಬುದು ಅವನು ಆ ತಾಣದಲ್ಲಿ ಬರೆದದ್ದನ್ನು ನೋಡಿದರೆ ತಿಳಿಯುತ್ತದಂತೆ. ಮಾವನ ಪತ್ರಗಳಲ್ಲಿ ತನ್ನ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ. ಯಾರಿಗೆ ಜ್ವರ, ಯಾರ ಮನೆಯಲ್ಲಿ ಕೂಸು, ನನಗೆ ಹಾಸ್ಟೆಲಿನ ರೊಟ್ಟಿ ಹಿಡಿಸಿತೋ ಇಲ್ಲವೋ, ಇಷ್ಟೇ. ನನ್ನ ಪುಟದಲ್ಲಿ? ಬರೀ ನಾನು! ಬಾದಾಮಿಯ ಗುಹೆಯ ಮುಂದೆ ಎರವಲು ಕನ್ನಡಕ ಹಾಕಿಕೊಂಡ ನಾನು, ಯಾರದೋ ಸ್ಕೂಟಿಯ ಮೇಲೆ ನಾನು. ತಂದೆಯ ಉದ್ಯೋಗ ಎಂಬಲ್ಲಿ "ಟೆಕ್ಸ್‌ಟೈಲ್ ಬಿಸಿನೆಸ್" ಎಂದು ಬರೆದಿದ್ದೆ. ನಮ್ಮಪ್ಪನೂ ಮಾವನಂತೆ ಕೂಲಿಗೆ ನೇಯುವವನು.

ಹಾಗಿರುವಾಗ ಒಂದು ಸಂಜೆ ಮಾವನ ಪತ್ರ ಬಂತು. ನಿಮ್ಮಪ್ಪನ ಮೊಣಕಾಲ ನೋವು ಕಡಿಮೆಯಾಗಿದೆ, ಮತ್ತೆ ಕುಣಿಗೆ ಇಳಿದಿದ್ದಾನೆ, ಅವನು ಮಲಗಿದ್ದಷ್ಟು ದಿನ ಅವನ ಮಗ್ಗದಲ್ಲಿ ಕುಳಿತು ಸೀರೆಗೆ ಸೆರಗು ಕೂಡಿಸಿದ್ದು ನಾನೇ, ಚಿಂತೆ ಬಿಟ್ಟು ಓದು. ಅದರ ಕೆಳಗೇ ನನ್ನ ರೂಮಿನ ಗೆಳತಿ ಕೇಳಿದಳು: ನಿಮ್ಮಪ್ಪಂದು ಬಿಸಿನೆಸ್ ಅಲ್ಲವೇ, ಎಂಥ ಕುಣಿ, ಯಾರಿವರು?

ನಾನು ಬರೆದೆ: "ಗೊತ್ತಿಲ್ಲ. ನಮ್ಮೂರಿನ ಯಾರೋ ಹುಚ್ಚ. ಎಲ್ಲರ ಪುಟದಲ್ಲೂ ಹೀಗೇ ಬರೆಯುತ್ತಾನೆ."

ಇದನ್ನು ಬರೆಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಎಲ್ಲರೂ ಓದುವ ಪುಟವನ್ನು ಅವನೂ ಓದುತ್ತಾನೆ ಎಂಬುದು ಹೊಳೆದದ್ದು ಮರುದಿನ. ಓಡಿಹೋಗಿ ತೆಗೆದು ನೋಡಿದೆ. ಉತ್ತರ ಬಂದಿತ್ತು: "ಹೌದ್ರಿ. ಈ ಹುಡುಗಿ ನನಗ ಗುರ್ತ ಇಲ್ಲ. ಇಳಕಲ್ಲಿನವರು ಅಂತ ನೋಡಿ ಬರದೆ. ತಪ್ಪಾತು."

ಮೊದಲು ನನಗೆ ಆದದ್ದು ಸಮಾಧಾನ! ಬಚಾವಾದೆ ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ನಂತರ ಮೂರು ದಿನ ಹೊಸ ಪತ್ರ ಬರಲಿಲ್ಲ. ದಿನಕ್ಕೆರಡು ಸಲ ಹೋಗಿ ಪುಟ ತೆಗೆದು ನೋಡಿದೆ. ನಾಲ್ಕನೆಯ ದಿನ ಹೋಗಿ ಅವನ ಉತ್ತರದ ಕೆಳಗೆ ಬರೆದೆ: "ಇವರು ನನ್ನ ಸ್ವಂತ ಸೋದರಮಾವ. ಇವರೂ ನಮ್ಮಪ್ಪನೂ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ನಾನು ಸುಳ್ಳು ಬರೆದಿದ್ದೆ."

ಮರುದಿನ ಸಂಜೆ ಹಾಸ್ಟೆಲಿಗೆ ಫೋನ್ ಬಂತು. ಬೈಯಲಿ, ನಾಲ್ಕು ಮಾತು ಚೆನ್ನಾಗಿ ಬೈಯಲಿ ಎಂದು ಬೇಡಿಕೊಳ್ಳುತ್ತಲೇ ಹೋಗಿ ಕಿವಿಗೆ ಹಿಡಿದೆ. ಮಾವನ ದನಿ ಸಣ್ಣದಾಗಿತ್ತು, ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

"ಯವ್ವಾ, ಅದನ್ಯಾಕ ಬರಿಯಾಕ ಹೋದಿ? ಮೊದಲ ಅಳಿಸಿಬಿಡು. ಗೆಳತ್ಯಾರ ನಡುವ ನೀ ತಲಿ ಎತ್ತಿ ತಿರಗಬೇಕು. ನನಗ ಹುಚ್ಚ ಅಂದ್ರ ನನ್ನ ಮಗ್ಗ ಏನ್ ನಿಂದ್ರೂದಿಲ್ಲ."

ಅಳಿಸುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹಿಂದೆ ಫೋನಿಗಾಗಿ ಸಾಲಾಗಿ ನಿಂತಿದ್ದ ಹುಡುಗಿಯರೆಲ್ಲ ನೋಡುತ್ತಿದ್ದಂತೆಯೇ, ಅವರಿಗೆಲ್ಲ ಕೇಳುವಷ್ಟು ಜೋರಾಗಿ, "ಮಾಮಾ, ಮಾಮಾ" ಎಂದು ಅತ್ತುಬಿಟ್ಟೆ.