ಒಬ್ಬನೇ ಬೆಟ್ಟ ಹತ್ತುವ ನೌಕರನ ಜೊತೆ ಕಡ್ಡಾಯವಾಗಿ ಹೋಗತಕ್ಕವರ ಕುರಿತು

ಸಂಖ್ಯೆ: ಇಲಾಖೆ/ಎತ್ತರ/ಒಂಟಿ/ಇತ್ಯಾದಿ
ಸ್ಥಳ: ಗೂನು ಗುಡ್ಡದ ಅರ್ಧಕ್ಕಿರುವ ಚಪ್ಪಟೆ ಬಂಡೆ (ಇನ್ನು ಮುಂದೆ ಇದನ್ನು ‘ತುದಿ’ ಎಂದು ಓದಿಕೊಳ್ಳತಕ್ಕದ್ದು)

ವಿಷಯ: ಪಂಪ್ ಮನೆಯ ನೌಕರನು ವಾರದ ರಜೆಯಲ್ಲಿ ಒಬ್ಬನೇ ಬೆಟ್ಟ ಹತ್ತಿ ತುದಿಗಳನ್ನು ಕೂಡಿಹಾಕುತ್ತಿರುವುದನ್ನು ಶಿಸ್ತಿಗೆ ಒಳಪಡಿಸುವ ಬಗ್ಗೆ.

ಉಲ್ಲೇಖ: (೧) ಚಹಾ ವೇಳೆಯಲ್ಲಿ ಮಾನ್ಯ ವ್ಯವಸ್ಥಾಪಕರು ಎಲ್ಲರೆದುರು ಆಡಿದ ಮಾತು: “ಏಳನೇ ಕ್ಲಾಸು ಹತ್ತಕ್ಕಾಗದೆ ಓಡಿಬಂದವನು ಬೆಟ್ಟ ಹತ್ತಿ ಕಡಿದು ಕಟ್ಟೆ ಹಾಕ್ತಾನಂತೆ! ಕೇಳ್ರಪ್ಪಾ ಕೇಳಿ!”
(೨) ಸದರಿ ಮಾತಿಗೆ ಸಿಬ್ಬಂದಿ ವರ್ಗವು ಸಲ್ಲಿಸಿದ ನಗು.

ಉಲ್ಲೇಖ (೧)ರ ಸಂದರ್ಭವೇನೆಂದರೆ: ವ್ಯವಸ್ಥಾಪಕರ ಮನೆಯ ಹೂದೋಟಕ್ಕೆ ರಜಾದಿನವೂ ನೀರು ಬೇಕಾಗಿದ್ದು, ವಾರದ ರಜೆಯನ್ನು ಕಾಯಂ ಆಗಿ ಬಿಟ್ಟುಕೊಡುವಂತೆ ಪಂಪಿನವನನ್ನು ಪ್ರೀತಿಯಿಂದಲೇ ಕೇಳಲಾಗಿತ್ತು. ಆತನು ಲೋಟ ಕೆಳಗಿಟ್ಟು, “ಆಗಲ್ಲ ಸಾರ್, ಬೆಟ್ಟಕ್ಕೆ ಹೋಗ್ಬೇಕು. ಸುತ್ತಲಿನ ತುದಿಗಳಲ್ಲಿ ಗೂನು ಗುಡ್ಡ ಒಂದೇ ಬಾಕಿ” ಎಂದನು. ಆಗ ಉಲ್ಲೇಖಿತ ಮಾತು ಹೊರಬಿದ್ದಿರುತ್ತದೆ. ಲೆಕ್ಕದ ಗುಮಾಸ್ತರ ಮೂಗಿನಿಂದ ಚಹಾ ಹೊರಬಿದ್ದಿರುತ್ತದೆ. ಪಂಪಿನವನ ಕಿವಿ ಕೆಂಪಾದದ್ದನ್ನು ಬಿಟ್ಟರೆ ಬೇರಾವ ಪ್ರತಿಕ್ರಿಯೆಯೂ ಸ್ವೀಕೃತವಾಗಿಲ್ಲ. ಆದರೆ ಬಿಟ್ಟುಕೊಡಬೇಕಾದ ರಜೆಯೂ ಸ್ವೀಕೃತವಾಗಿಲ್ಲ. ನೌಕರನ ಸಹಿಯಿಲ್ಲದೆ ಆತನ ವಾರದ ರಜೆಯನ್ನು ಕಿತ್ತುಕೊಳ್ಳುವಂತಿಲ್ಲ ಎಂದು ನಿಯಮವೊಂದು ಹೇಳುತ್ತದೆ. ಆ ನಿಯಮವನ್ನು ಬರೆದ ಮಹಾನುಭಾವ ಯಾರೆಂದು ಹುಡುಕಲಾಗುತ್ತಿದೆ. ಅವರು ಸಿಗುವವರೆಗೆ ಸಮಸ್ತರೂ ಈ ಕೆಳಗಿನಂತೆ ನಡೆದುಕೊಳ್ಳಲು ಸೂಚಿಸಲಾಗಿದೆ.

೧. ‘ಒಬ್ಬನೇ ಹೋಗಿದ್ದೆ’ ಎಂದು ಹೇಳುವ ಯಾವುದೇ ನೌಕರನು, ತಾನು ಒಬ್ಬನೇ ಇದ್ದುದನ್ನು ಕಣ್ಣಾರೆ ಕಂಡ ಕನಿಷ್ಠ ಮೂವರು ಸಾಕ್ಷಿಗಳನ್ನು ಜೊತೆಗೇ ಕರೆದೊಯ್ಯತಕ್ಕದ್ದು. ಸಾಕ್ಷಿಗಳಿಲ್ಲದ ಒಂಟಿತನವನ್ನು ಗುಂಪು ಎಂದು ಪರಿಗಣಿಸಲಾಗುವುದು.

೨. ‘ದೂರದ ಬೆಟ್ಟ ನುಣ್ಣಗೆ’ ಎಂಬ ಹಿರಿಯರ ಮಾತಿನ ಆಧಾರದಲ್ಲಿ, ಕಚೇರಿಯ ಕಿಟಕಿಯಿಂದಲೇ ಗೂನು ಗುಡ್ಡದ ತಪಾಸಣೆ ನಡೆಸಲಾಗಿದ್ದು, ಗುಡ್ಡವು ನುಣ್ಣಗಿರುವುದು ಖಚಿತಪಟ್ಟಿದೆ. ನುಣ್ಣಗಿರುವ ಕಡೆ ಕಾಲು ಊರಲು ಆಗುವುದಿಲ್ಲ. ಇತರ ಬೆಟ್ಟಗಳೂ ಅದೇ ಕಿಟಕಿಯಿಂದ ಅಷ್ಟೇ ನುಣ್ಣಗೆ ಕಾಣುತ್ತವೆ. ಆದ್ದರಿಂದ ಆತನು ಈವರೆಗೆ ಹತ್ತಿದ ಯಾವ ಬೆಟ್ಟವನ್ನೂ ಹತ್ತಿರುವುದಿಲ್ಲ. ಪುರಾವೆಯಾಗಿ ತೋರಿಸಿದ ಅಂಗಾಲಿನ ಬೊಬ್ಬೆಗಳನ್ನು ಪರಿಶೀಲಿಸಿ, ಆತನಿಗೇ ಹಿಂದಿರುಗಿಸಲಾಗಿದೆ.

೩. ಹತ್ತಿದ ಪ್ರತಿ ತುದಿಯಲ್ಲೂ ಒಂದು ಕಲ್ಲಿಟ್ಟು ಬರುವುದು ಆತನ ಪದ್ಧತಿಯಂತೆ. ಕಲ್ಲು ಎಲ್ಲಿಯದು? ಪಂಪ್ ಮನೆಯ ಹಿಂದಿನ ಜಲ್ಲಿ ರಾಶಿಯದು. ಬೆಟ್ಟಕ್ಕೆ ಕಲ್ಲು ಹೊರುವವರನ್ನು ಗಾದೆಯಲ್ಲಷ್ಟೇ ಕಂಡಿದ್ದ ಇಲಾಖೆಗೆ ಇದರಿಂದ ಆಘಾತವಾಗಿದೆ. ಇಲಾಖೆಯ ಕಲ್ಲು ಎಲ್ಲಿದೆಯೋ ಅದು ಇಲಾಖೆಯ ಆವರಣ. ಎಂದಮೇಲೆ ಆ ತುದಿಗಳೆಲ್ಲವೂ ಆವರಣ. ಅಲ್ಲಿ ಆತ ಕಳೆದ ರಜೆಗಳೆಲ್ಲವೂ ಕೆಲಸದ ದಿನಗಳು. ಅಂತಹ ದಿನಗಳಲ್ಲಿ ಪಂಪ್ ಚಾಲೂ ಮಾಡದೆ ಗಾಳಿ ಕುಡಿಯುತ್ತ ಕುಳಿತಿದ್ದೇಕೆ ಎಂದು ಕಾರಣ ಕೇಳತಕ್ಕದ್ದು.

೪. ಈ ಬಗ್ಗೆ ಆತನ ಅಕ್ಕನನ್ನು ವಿಚಾರಣೆಗೆ ಕರೆಸಲಾಗಿತ್ತು. “ನಿನ್ನ ತಮ್ಮ ಯಾಕಮ್ಮಾ ಒಬ್ಬನೇ ಅಲೀತಾನೆ? ತಲೆಗಿಲೆ ಸರಿಯಿದೆಯಾ?” ಎಂದು ಗುಮಾಸ್ತರು ಕೇಳಿದ್ದಕ್ಕೆ ಆಕೆ ನೀಡಿದ ಹೇಳಿಕೆ: “ನಮ್ದು ಒಂದೇ ಕೋಣೆ ಸ್ವಾಮಿ. ನಾನು, ನಮ್ಮನೆಯವ್ರು, ಮಕ್ಕಳು, ಅಮ್ಮ. ಅವನು ಕಾಲು ಚಾಚಿದ್ರೆ ಬಾಗಿಲು ಮುಚ್ಚಲ್ಲ. ವಾರವೆಲ್ಲ ಇಲ್ಲಿ ಲೋ ಬಾರೋ, ಲೋ ಹೋಗೋ. ಒಂದಿನ ಯಾರೂ ಲೋ ಅನ್ನದ ಕಡೆ ಹೋಗಿ ಬರ್ತಾನೆ. ಬಂದಮೇಲೆ ಮಕ್ಕಳ್ನ ಎತ್ತಾಡಿಸ್ತಾನೆ, ನಗ್ತಾನೆ. ಅದೊಂದು ದಿನಕ್ಕೆ ಕೈ ಹಾಕ್ಬೇಡಿ.” ಸದರಿ ಹೇಳಿಕೆಯಲ್ಲಿ ಯಾವುದೇ ಕಾರಣ ಕಂಡುಬಂದಿಲ್ಲ. ಕಾಲು ಚಾಚುವ ವಿಷಯವನ್ನು ಮಾತ್ರ ವಸತಿ ವಿಭಾಗಕ್ಕೆ ಕಳುಹಿಸಲಾಗಿದ್ದು, ಹಾಸಿಗೆ ಇದ್ದಷ್ಟು ಚಾಚುವಂತೆ ಉತ್ತರ ಬಂದಿರುತ್ತದೆ.

೫. ಮೇಲಿನ ಕ್ರಮ ಸಂಖ್ಯೆ ೧ರಂತೆ ಇಂದು ವ್ಯವಸ್ಥಾಪಕರು, ಗುಮಾಸ್ತರು, ಟೈಪಿನಕ್ಕ ಹಾಗೂ ಕುರ್ಚಿ ಹೊತ್ತ ಜೀಪ್ ಚಾಲಕರನ್ನು ಒಳಗೊಂಡ ಒಂಟಿತನ ಸಮಿತಿಯು ಪಂಪಿನವನೊಂದಿಗೆ ಗೂನು ಗುಡ್ಡಕ್ಕೆ ಹೊರಟಿರುತ್ತದೆ. ಆತನ ಒಂಟಿತನಕ್ಕೆ ಧಕ್ಕೆಯಾಗದಂತೆ, ಸಮಿತಿಯವರು ತಾವು ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳತಕ್ಕದ್ದು. ಕೆಮ್ಮು ಬಂದಲ್ಲಿ ಹಕ್ಕಿ ಕೆಮ್ಮಿದಂತೆ ಕೆಮ್ಮತಕ್ಕದ್ದು. ಪಂಪಿನವನು ಆಗಾಗ ನಿಂತು “ಇಲ್ಲಿ ಯಾರಾದ್ರೂ ಇದ್ದೀರಾ?” ಎಂದು ಕೂಗತಕ್ಕದ್ದು, ಸಮಿತಿಯು ಒಕ್ಕೊರಲಿನಿಂದ “ಇಲ್ಲ” ಎನ್ನತಕ್ಕದ್ದು. (ಪಂಪಿನವನು ಒಮ್ಮೆಯೂ ಕೂಗಲಿಲ್ಲ. ಆತನ ಪರವಾಗಿ ಚಾಲಕರೇ ಕೂಗಿ, ಚಾಲಕರೇ ಇಲ್ಲವೆಂದರು.)

೬. ಬೆಟ್ಟವನ್ನು ಸೇವಾ ಹಿರಿತನದ ಪ್ರಕಾರವೇ ಹತ್ತತಕ್ಕದ್ದು. ವ್ಯವಸ್ಥಾಪಕರು ಮೊದಲು, ಪಂಪಿನವನು ಕೊನೆಗೆ. ಮೇಲಿನವರು ನಿಂತರೆ ಕೆಳಗಿನವರು ನಿಲ್ಲತಕ್ಕದ್ದು. ಮೇಲಿನವರು ಜಾರಿದರೆ ಕೆಳಗಿನವರು ಅದಕ್ಕೆ ಮೆತ್ತನೆಯ ವ್ಯವಸ್ಥೆ ಮಾಡತಕ್ಕದ್ದು. ಮೇಲಿನವರಿಗೆ ಏದುಸಿರು ಬಂದಾಗ ಕೆಳಗಿನವರು ಅದಕ್ಕಿಂತ ಜೋರಾಗಿ ಏದುಸಿರು ಬಿಡತಕ್ಕದ್ದು. ಪಂಪಿನವನಿಗೆ ಏದುಸಿರು ಬರಲೇ ಇಲ್ಲ. ಎಷ್ಟೇ ಕೇಳಿಕೊಂಡರೂ ಬರಲಿಲ್ಲ. ಇದು ಅಹಂಕಾರವೇ ಹೊರತು ಬೇರೇನಲ್ಲ.

೭. ತುದಿ ಎಂದರೇನು ಎಂಬ ಬಗ್ಗೆ ಗೊಂದಲವಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಹಾಜರಿರುವ ಅತ್ಯಂತ ಹಿರಿಯ ಅಧಿಕಾರಿಯು “ಅಯ್ಯಪ್ಪಾ, ಸಾಕು” ಎಂದು ಎಲ್ಲಿ ಕೂರುತ್ತಾರೋ, ಅದೇ ತುದಿ. ಇಂದು ವ್ಯವಸ್ಥಾಪಕರು ಈ ಬಂಡೆಯ ಮೇಲೆ ಕುರ್ಚಿ ಹಾಕಿಸಿ ಕುಳಿತು ಬೂಟು ಬಿಚ್ಚಿದ್ದರಿಂದ, ಗೂನು ಗುಡ್ಡದ ತುದಿಯು ಇಲ್ಲಿಗೆ ವರ್ಗಾವಣೆಗೊಂಡಿದೆ. ಟೈಪಿನಕ್ಕನವರು ಹಣೆಗೆ ಕೈ ಅಡ್ಡ ಹಿಡಿದು, “ಸಾರ್, ಮೇಲೆ ಇನ್ನೂ ಅಷ್ಟು ಗುಡ್ಡ ಇದೆಯಲ್ಲ ಸಾರ್?” ಎಂದು ಆಕ್ಷೇಪಣೆ ಎತ್ತಿದರು. “ಅದು ಗುಡ್ಡ ಅಲ್ಲಮ್ಮ, ಹಿನ್ನೆಲೆ” ಎಂದು ವ್ಯವಸ್ಥಾಪಕರು ಸ್ಪಷ್ಟೀಕರಣ ನೀಡಿದ್ದು, ಆಕ್ಷೇಪಣೆಯನ್ನು ವಿಲೇವಾರಿ ಮಾಡಲಾಗಿದೆ.

೮. ತುದಿ ಮುಟ್ಟಿದ್ದಾಯಿತು. ಸುತ್ತಲಿನ ತುದಿಗಳಲ್ಲಿ ಬಾಕಿ ಇದ್ದದ್ದು ಇದೊಂದೇ ಎಂದು ಪಂಪಿನವನೇ ಒಪ್ಪಿಕೊಂಡಿರುವುದರಿಂದ, ಇನ್ನು ಹತ್ತಲು ಏನೂ ಉಳಿದಿಲ್ಲ. ಹತ್ತಲು ಏನೂ ಇಲ್ಲದವನಿಗೆ ವಾರದ ರಜೆ ಏತಕ್ಕೆ? ಆದ್ದರಿಂದ ಆತನು ಕುರ್ಚಿಯ ಬಳಿ ಬಂದು, ರಜೆಯನ್ನು ಸ್ವಸಂತೋಷದಿಂದ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕತಕ್ಕದ್ದು. ಸಂತೋಷವು ಸಮಿತಿಗೆ ಕಾಣುವಂತಿರತಕ್ಕದ್ದು. ಆತ ತಡಮಾಡಿದಾಗ ವ್ಯವಸ್ಥಾಪಕರು, “ಬಾರೋ, ಯಾಕೆ ಗರ ಬಡಿದವನ ಹಾಗೆ ನಿಂತೆ? ಸಹಿ ಹಾಕೋಕೆ ಬರುತ್ತೋ, ಇಲ್ಲ ಹೆಬ್ಬೆಟ್ಟು ಒತ್ತುತೀಯೋ?” ಎಂದು ಸೌಲಭ್ಯ ಒದಗಿಸಿದರು. ಗುಮಾಸ್ತರು ನಕ್ಕರು. ಚಾಲಕರು ನಗುವವರಿದ್ದು, ಪಂಪಿನವನ ಮುಖ ನೋಡಿ ಮುಂದೂಡಿದರು.

೯. ಪಂಪಿನವನು ಮುಷ್ಟಿ ಬಿಗಿದದ್ದು ಕಂಡುಬಂದ ಕಾರಣ ಸಮಿತಿಯ ತುರ್ತು ಸಭೆಯನ್ನು ಕುರ್ಚಿಯ ಹಿಂದುಗಡೆ ನಡೆಸಲಾಯಿತು. ಅಲ್ಲಿ ಕೈಗೊಂಡ ನಿರ್ಣಯಗಳು ತಕ್ಷಣದಿಂದ ಜಾರಿಗೆ ಬರುತ್ತವೆ:

(ಅ) ಮೇಲಧಿಕಾರಿಯು ಕುಳಿತ ಜಾಗಕ್ಕಿಂತ ಮೇಲಿನ ಜಾಗದಲ್ಲಿ ಕೆಳ ನೌಕರನ ಪಾದ ಇರತಕ್ಕದ್ದಲ್ಲ. ಇದ್ದಲ್ಲಿ, ಆ ಪಾದವು ಮೇಲಧಿಕಾರಿಯ ತಲೆಯ ಮೇಲೆಯೇ ಇದೆ ಎಂದು ಭಾವಿಸಲಾಗುವುದು.
(ಆ) ಹಿನ್ನೆಲೆಯಲ್ಲಿ ನಡೆದಾಡುವುದನ್ನು ನಿಷೇಧಿಸಿದೆ.
(ಇ) ಅಲ್ಲಿಂದ ಕಾಣುವ ನೋಟವನ್ನು ಇಲಾಖೆಯು ವಶಕ್ಕೆ ಪಡೆದಿದ್ದು, ನೋಡಿದವರು ಮರೆತು ಹಿಂದಿರುಗಿಸತಕ್ಕದ್ದು.
(ಈ) ಸಹಿಯಾಗುವವರೆಗೆ ಗುಡ್ಡದಿಂದ ಯಾರೂ ಇಳಿಯತಕ್ಕದ್ದಲ್ಲ. ಸಮಿತಿಯ ಬಳಿ ನೀರು ಮುಗಿದಿರುವುದರಿಂದ ಇದನ್ನು ಅತಿ ಜರೂರು ಎಂದು ತಿಳಿಯತಕ್ಕದ್ದು.

ಟೈಪಿನಕ್ಕನವರು ಹೊತ್ತುತಂದ ಟೈಪ್‌ರೈಟರನ್ನು ಮೊಣಕಾಲ ಮೇಲಿಟ್ಟುಕೊಂಡು ಟೈಪು ಮಾಡಿದ್ದರಿಂದ ಅಲ್ಲಲ್ಲಿ ಸಾಲು ಇಳಿಜಾರಾಗಿದ್ದಲ್ಲಿ, ಅದನ್ನು ಸಮತಟ್ಟು ಎಂದೇ ಓದಿಕೊಳ್ಳುವುದು.

(ಸಹಿ)
ವ್ಯವಸ್ಥಾಪಕರು
(ಒಂದು ಕಾಲಿನ ಬೂಟು ಇನ್ನೂ ಸಿಕ್ಕಿರುವುದಿಲ್ಲ)

ಪ್ರತಿಗಳು:

೧. ಗೂನು ಗುಡ್ಡಕ್ಕೆ: ತನ್ನ ಮೇಲ್ಭಾಗವನ್ನು ಕೂಡಲೇ ತೆರವುಗೊಳಿಸುವ ಕೋರಿಕೆಯೊಂದಿಗೆ.

೨. ಜೀಪ್ ಚಾಲಕರಿಗೆ: ಕುರ್ಚಿಯನ್ನು, ಅಗತ್ಯಬಿದ್ದರೆ ಕುರ್ಚಿಯಲ್ಲಿರುವವರ ಸಮೇತ, ಇಳಿಸುವ ಬಗ್ಗೆ.

೩. ವ್ಯವಸ್ಥಾಪಕರ ಮನೆಗೆ: ಹೂಗಿಡಗಳು ಇನ್ನೊಂದು ವಾರ ತಡೆದುಕೊಳ್ಳುವ ಬಗ್ಗೆ.

೪. ಪಂಪಿನವನಿಗೆ: ಖುದ್ದಾಗಿ. ಆಮೇಲೆ ಸೇರಿಸಿದ ಷರಾ: ಟೈಪಿನಕ್ಕನವರು “ತಗೊಳಪ್ಪಾ, ಓದಿ ಏನಾದ್ರೂ ಒಂದು ಉತ್ತರ ಕೊಡು” ಎಂದು ಕೈಗೆ ಕೊಟ್ಟಿದ್ದು, ಆತನು ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿ, ಮಡಚಿ, “ತಗೋಳಕ್ಕಾ” ಎಂದು ಅವರ ಕೈಗೇ ವಾಪಸು ಕೊಟ್ಟನು. ವ್ಯವಸ್ಥಾಪಕರು “ಉತ್ತರ ಕೊಡೋ! ಲೋ! ನಿನಗೇ ಹೇಳ್ತಿರೋದು!” ಎಂದು ಕೂಗುತ್ತಿರುವಾಗಲೇ, ಆತನು ಕುರ್ಚಿಯ ಪಕ್ಕದಿಂದ ಹಾದು, ಒಬ್ಬನೇ ಮೇಲಕ್ಕೆ ನಡೆದುಹೋಗಿರುತ್ತಾನೆ.